ಹತ್ತನೇ ವೀಳ್ಯ

ಗಂಡನ ಹೆಸರು ಹೇಳಬಾರದು ಅಂತಾರೆ, ನಾನು ಹೇಳೇಬಿಡ್ತೀನಿ: ಮುನಿಶಾಮಾಚಾರಿ. ಶಿಡ್ಲಘಟ್ಟದಲ್ಲಿ ಮಕ್ಕಳು ಆಡೋ ಮರದ ರೈಲು ಮಾಡೋರು ಅವರೊಬ್ಬರೇ. ನಮ್ಮೂರ ಸ್ಟೇಷನ್ನಿಗೆ ಬರೋ ಚಿಕ್ಕ ರೈಲು ಹೆಂಗಿದೆಯೋ ಹಂಗೇ, ಎಂಜಿನ್ನು, ಮೂರು ಡಬ್ಬಿ, ಕಿಟಕಿಗೆ ಕಂಬಿ ಸಮೇತ. ಆದ್ರೆ ಹತ್ತು ಜನ ಎಲೆ ಅಡಿಕೆ ಕೊಟ್ಟು, ಬೇಕು ಅಂತ ಮಾತು ಕೊಡೋ ತನಕ ಮರ ಮುಟ್ಟೋರಲ್ಲ. ಚಿಂತಾಮಣಿಯಲ್ಲಿ ಗಾಲಿ ಕಡೆಯೋನು ಹತ್ತು ರೈಲಿನದು ಒಟ್ಟಿಗೆ ಆದ್ರೇನೇ ಕೆಲಸಕ್ಕೆ ಕೂರೋನು, ಅದಕ್ಕೆ. ವೀಳ್ಯ ಈಸ್ಕೊಂಡ ಮೇಲೆ ಇವರೂ ಆಗಲ್ಲ ಅನ್ನೋ ಹಾಗಿಲ್ಲ.

ಐವತ್ತೆಂಟನೇ ಇಸವೀಲಿ ಒಂಬತ್ತು ವೀಳ್ಯ ಬಂದು ನಿಂತಿತ್ತು. ಹತ್ತನೇದು ಬರದೇ ಇರಲಪ್ಪಾ ಅಂತ ದಿನಾ ಕೈಮುಗೀತಿದ್ದೆ. ಅವರ ಕಣ್ಣು ಹೋಗ್ತಾ ಇತ್ತು. ತಟ್ಟೇಲಿ ಮುದ್ದೆ ಎಲ್ಲಿದೆ ಅಂತ ತಡವೋರು. ನೇಗಿಲು, ಮಂಚದ ಕಾಲು ಎಲ್ಲಾ ಕೈ ಅಭ್ಯಾಸದಲ್ಲೇ ಹೆಂಗೋ ನಡೀತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ರೈಲು ಹಂಗಲ್ಲ, ಸಣ್ಣ ಕುಸುರಿ ಕೆಲಸ. ಅದು ಕೆಟ್ಟರೆ ಊರಿಗೆಲ್ಲ ಗೊತ್ತಾಗ್ತದೆ. ಕಣ್ಣಿಲ್ಲದ ಆಚಾರಿಗೆ ಕೆಲಸ ಯಾರು ಕೊಡ್ತಾರೆ?

ಕೇಳ್ಕೊಂಡು ಬಂದ ಇಬ್ಬರನ್ನ, "ಈ ವರ್ಷ ಮರ ಸಿಕ್ಕಿಲ್ಲ ಕಣಪ್ಪಾ" ಅಂತ ಸುಳ್ಳು ಹೇಳಿ ಸಾಗಹಾಕಿದೆ.

ಮೂರನೇಯೋರು ಚೆನ್ನರಾಯಪ್ಪ ಮೇಷ್ಟ್ರು. ಅವರಿಗೂ ಅದೇ ಹೇಳಿದೆ. "ಆಚಾರ್ರೇ ಹೇಳಿ ಕಳಿಸಿದ್ರಲ್ಲಮ್ಮ" ಅಂದ್ರು. ಒಳಗಿಂದ ಇವರು ಗೋಡೆ ಹಿಡೀದೆ, ಹೆಜ್ಜೆ ಎಣಿಸ್ಕೊಂಡು ಬಂದು, ಎರಡೂ ಕೈ ಚಾಚಿ ವೀಳ್ಯ ಈಸ್ಕೊಂಡ್ರು.

ಮೇಷ್ಟ್ರು ಹೋದ ಮೇಲೆ ಬೈದೆ. "ತಲೆ ನೆಟ್ಟಗಿದೆಯಾ ನಿಮಗೆ? ಇರೋ ಮಾನಾನೂ ಕಳ್ಕೋಬೇಕಾ?"

"ನೀನು ಜನಾನ ವಾಪಸ್ ಕಳಿಸಿದ್ದು ಕೇಳಿಸ್ತು ಕಣೇ, ಕಿವಿ ಇನ್ನೂ ನೆಟ್ಟಗಿದೆ" ಅಂದ್ರು. "ಒಂಚೂರು ಬೆಳಕು ಉಳಿದಿದೆ. ಅದೂ ಹೋಗೋ ಮುಂಚೆ ಒಂದು ಸಲ ಮಾಡ್ಬೇಕು. ನಂಗೂ ಭಯ ಆಗ್ತದೆ." ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮಾರನೇ ದಿನ ಅಂಗಳದ ಬಿಸಿಲಲ್ಲಿ ಹಲಗೆ ಇಟ್ಟು, ಅವರು ಹೇಳಿದ ಅಳತೆಗೆ ನಾನೇ ಗೆರೆ ಎಳೆದೆ. ಅವರು ಬಗ್ಗಿ ಬಗ್ಗಿ ನೋಡಿದ್ರು. "ಎಲ್ಲಿ?" ಅಂದ್ರು.

ಗರಗಸ ಆನಿಸಿ ಕೊಯ್ಯೋಕೆ ಗುರುತಾಗ್ಲಿ ಅಂತ ಗೆರೆಗೆ ತಾಗಿಸಿ ನನ್ನ ಹೆಬ್ಬೆರಳು ಊರಿದೆ. ಅದನ್ನ ತಡವಿ ನೋಡಿದ್ರು. "ತೆಗಿಯೇ" ಅಂದ್ರು.

"ತೆಗೆದ್ರೆ ಗೆರೆ ಹೆಂಗೆ ಸಿಗ್ತದೆ ನಿಮಗೆ? ಕೊಯ್ಯಿರಿ" ಅಂದೆ. ಕಣ್ಣು ಮುಚ್ಕೊಂಡೆ. ಗರಗಸದ ಹಲ್ಲು ತಣ್ಣಗೆ ನನ್ನ ಉಗುರಿಗೆ ತಾಗಿತು.