ಕಿವಿ ಹಿಡಿದು ಮಾತಾಡುತ್ತಿದ್ದ ಮಾದಯ್ಯ ತಾತ

ಮಾದಯ್ಯ ತಾತ ಮಾತಾಡುವಾಗ ಎದುರಿಗಿದ್ದವರ ಕಿವಿ ಹಿಡಿಯುತ್ತಿದ್ದರು. ಹಿಂಡುತ್ತಿರಲಿಲ್ಲ. ಬುಡದಲ್ಲಿ ಎರಡು ಬೆರಳಿಟ್ಟು ಮೆತ್ತಗೆ ಹಿಡಿದು, ನಾವು ಉತ್ತರ ಕೊಡುವ ತನಕ ಬಿಡುತ್ತಿರಲಿಲ್ಲ. ಕೋಡಿಹಳ್ಳಿ ಬಸ್ಸಿನಲ್ಲಿ ಹೊಸ ಕಂಡಕ್ಟರೊಬ್ಬ ಇದಕ್ಕೆ ರೇಗಿದಾಗ, "ಕಿವಿ ಇಡುದ್ರೆ ಎಂಥಾ ಪ್ರಾಣಿನೂ ಒಸಿ ಸುಮ್ಕಾಯ್ತದೆ ಕಣಪ್ಪ, ನೀನೂ ಆಗು" ಅಂದಿದ್ದರು. ಬಸ್ಸಿಗೆ ಬಸ್ಸೇ ನಕ್ಕಿತ್ತು.

ಈ ಅಭ್ಯಾಸ ಅವರಿಗೆ ಅಂಟಿದ್ದು ಎರಡನೇ ಮಹಾಯುದ್ಧದ ಕಾಲದ ಬರ್ಮಾದಲ್ಲಿ. ಕುರಿ ಕಾಯುವ ಮನೆಯ ಹುಡುಗ, ಪ್ರಾಣಿ ಪಳಗಿಸಬಲ್ಲ ಎಂದು ಮಿಲಿಟರಿಯವರು ಹೇಸರಗತ್ತೆ ನೋಡಿಕೊಳ್ಳುವ ಕೆಲಸ ಕೊಟ್ಟರು. ಆಮೇಲೆ ಕತ್ತೆಗಳ ಜೊತೆ ಅವರನ್ನೂ ಗ್ಲೈಡರಿಗೆ ಹತ್ತಿಸಿದರು. ಕಬ್ಬಿಣದ ಕೊಳವೆ, ಹಲಗೆ, ಬಟ್ಟೆಯಲ್ಲಿ ಕಟ್ಟಿದ, ಇಂಜಿನ್ನೇ ಇಲ್ಲದ ವಿಮಾನ ಅದು. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿತ್ತು. ಶತ್ರುಗಳ ಬೆನ್ನ ಹಿಂದಿನ ಕಾಡು ಬಂದಾಗ ಹಗ್ಗ ಕಳಚುತ್ತಿದ್ದರು, ಮುಂದಿನದು ದೇವರಿಗೆ ಬಿಟ್ಟದ್ದು.

"ಅದು ಇಳಿಯಾದಲ್ಲ ಕಣ್ಲಾ, ಬೀಳಾದು" ಎನ್ನುತ್ತಿದ್ದರು ತಾತ. "ಬಯಲಲ್ಲಿ ಮರದ ದಿಮ್ಮಿ ಬಿದ್ದಿದ್ವು, ಹುಲ್ಲಲ್ಲಿ ಕಾಣ್ನಿಲ್ಲ. ಮುಂದ್ಲುದು ಗುದ್ದಿ ನಿಂತ್ಕತು. ಇಂದ್ಲುದು ಬಂದು ಅದ್ರ ಮ್ಯಾಲೇ ಕೂತ್ಕತು. ಅದ್ರೊಳಗಿದ್ದೋರ್ನ ಏನಂತ ಯೋಳ್ಲಿ."

ಊರಿನವರು ನಂಬಲಿಲ್ಲ. ತಾತ ಬರುವುದು ಕಂಡರೆ ಅರಳಿಕಟ್ಟೆಯ ಮೇಲೆ ಕೂತವರು "ಇಂಜಿನ್ ತಂದ್ಯಾ ತಾತ?" ಎಂದು ಕಿಚಾಯಿಸುತ್ತಿದ್ದರು. ಆಗ ನಾನು ಪಂಚಾಯ್ತಿಯಲ್ಲಿ ಗುಮಾಸ್ತ. ಬೆಂಗಳೂರಿನ ಫುಟ್‌ಪಾತಿನಲ್ಲಿ ಆ ಗ್ಲೈಡರ್ ದಳದ ಚರಿತ್ರೆಯ ಹಳೇ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಪೈಲಟ್‌ಗಳ ಹೆಸರಿತ್ತು, ಫೋಟೋ ಇತ್ತು, ಒಂದೊಂದು ಗ್ಲೈಡರಿನ ನಂಬರೂ ಇತ್ತು. ಕತ್ತೆ ಹಿಡಿದು ಕೂತವರಲ್ಲಿ ಒಬ್ಬನ ಹೆಸರೂ ಇರಲಿಲ್ಲ. ನನಗೆ ಮೈ ಉರಿದುಹೋಯಿತು. ಪುಸ್ತಕ ತಂದು ತಾತನ ಮುಂದೆ ಇಟ್ಟು ಬರೆದವನನ್ನು ಬಾಯಿಗೆ ಬಂದಂತೆ ಬೈದೆ.

"ನಮ್ಮೆಸ್ರು ಅತ್ಲಾಗಿರ್ಲಿ" ಅಂದರು ತಾತ. "ಗಂಟ್ಲು ಕುಯ್ದುದ್ದ ಬರ್ದವ್ನಾ?"

ಹುಡುಕಿದೆ. ಕತ್ತೆಗಳ ಸದ್ದು ಅಡಗಿಸಿದರು ಎಂಬ ಒಂದೇ ಸಾಲು ಸಿಕ್ಕಿತು. ತಾತ ನನ್ನ ಕಿವಿ ಹಿಡಿದುಕೊಂಡರು.

"ಕಾಡಲ್ಲಿ ಕತ್ತೆ ಕೂಗುದ್ರೆ ಶತ್ರುಗೆ ಗೊತ್ತಾಯ್ತದಲ್ಲ, ಅದ್ಕೆ. ನನ್ನ ಕತ್ತೆಗೆ ರಾಣಿ ಅಂತ ಎಸ್ರಿಕ್ಕಿದ್ದೆ. ಡಾಕ್ಟ್ರು ಮತ್ತು ಕೊಟ್ಟು ಗಂಟ್ಲ ನರ ಕುಯ್ದ, ನಾನು ಕಿವಿ ಇಡ್ಕಂಡಿದ್ದೆ. ಎಚ್ರಾದ್ಮೇಲೆ ಬಾಯಿ ತೆಗೀತು, ಸದ್ದೇ ಬರ್ನಿಲ್ಲ. ನನ್ನೇ ನೋಡ್ತು. ಇಡ್ಕಂಡಿದ್ದು ನಾನಲ್ವೇನ್ಲಾ?"

ಅಂದಿನಿಂದ, ಮಾತು ಬೆಳ್ಳಿ ಮೌನ ಬಂಗಾರ ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಆದರೂ ನಾನು ಮಾಡಿದ್ದು ಕೇಳಿ.

ಆ ವರ್ಷಗಳಲ್ಲಿ ನಮ್ಮ ಕಡೆಗೆ ಕಾರ್ಖಾನೆಗಳು ಒಂದರ ಹಿಂದೊಂದು ಬರತೊಡಗಿದ್ದವು. ನಮ್ಮೂರ ಗೋಮಾಳವೂ ಒಂದು ಕಾರ್ಖಾನೆಯ ಕಣ್ಣಿಗೆ ಬಿತ್ತು. ಕಾಗದದಲ್ಲಿ ಅದಕ್ಕೆ ಬಂಜರು ಎಂದು ಬರೆದಿದ್ದರು. ಬಂಜರಂತೆ! ಇಡೀ ಊರಿನ ಕುರಿ ಮೇಯುವ ಜಾಗ ಅದು, ಬೇಸಿಗೆಯಲ್ಲೂ ಬತ್ತದ ಕಟ್ಟೆ ಇದ್ದ ಜಾಗ. ಊರು ಒಪ್ಪಬೇಕೆಂದು ಶಾಲೆಯ ಮುಂದೆ ಶಾಮಿಯಾನ ಹಾಕಿ ಗ್ರಾಮಸಭೆ ಕರೆದರು. ಪಂಚಾಯ್ತಿ ಅಧ್ಯಕ್ಷ ಆಗಲೇ ಕಾರ್ಖಾನೆಯವರ ಕಾರಿನಲ್ಲಿ ಓಡಾಡುತ್ತಿದ್ದ. ಕುರಿ ಕಾಯಲು ತೋಳ ಇಟ್ಟ ಹಾಗಾಗಿತ್ತು ನಮ್ಮ ಪಾಡು. ನಡಾವಳಿ ಪುಸ್ತಕ ಹಿಡಿದು ಬರೆಯಲು ಕೂತವನು ನಾನು.

ಯಾರಿಗಾದರೂ ಏನಾದರೂ ಹೇಳುವುದಿದೆಯಾ ಎಂದು ಕೇಳಿದಾಗ ಎದ್ದವರು ತಾತ ಒಬ್ಬರೇ. ಮೈಕು ಹಿಡಿದು, "ಬಯಲು ಬರೀದು ಅಂತ ಮ್ಯಾಲಿಂದ ನೋಡ್ದೋರು ಯೋಳ್ತಾರೆ. ಇಳುದ್ಮೇಲೇ ಗೊತ್ತಾಗಾದು ಏನೈತೆ ಅಂತ. ನಾನು ಇಳುದು ನೋಡಿವ್ನಿ. ಈ ಜಾಗ ಕೊಡಾಕಿಲ್ಲ" ಅಂದರು. ಅಧ್ಯಕ್ಷ ಮೈಕಿನವನತ್ತ ಕಣ್ಣು ಮಿಟುಕಿಸಿದ. ಮೈಕು ಸತ್ತಿತು. ತಾತ ಬಿಡಲಿಲ್ಲ, ಬರಿಗಂಟಲಲ್ಲೇ ಕೂಗಿದರು: "ನನ್ನ ಗಂಟ್ಲು ಯಾರೂ ಕುಯ್ದಿಲ್ಲ!" ಜನ ನಕ್ಕರು, ಇಂಜಿನ್ ತಾತನಿಗೆ ಅರಳುಮರಳು ಎಂದರು. ಆ ಮಾತಿನ ಅರ್ಥ ಗೊತ್ತಿದ್ದವನು ಇಡೀ ಸಭೆಯಲ್ಲಿ ನಾನೊಬ್ಬನೇ.

ಅಧ್ಯಕ್ಷ ನನ್ನ ಹೆಗಲ ಮೇಲೆ ಕೈಯಿಟ್ಟು ಏನು ಬರೆಯಬೇಕೆಂದು ಹೇಳಿದ. ಬರೆದೆ. ಕೆಲಸ ಹೋಗುತ್ತದೆ ಎಂಬ ಭಯ, ಇನ್ನೇನಲ್ಲ. ಅಧ್ಯಕ್ಷನ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಹತ್ತರಷ್ಟು ಸಿಟ್ಟು ನನಗೆ ನನ್ನ ಆ ಕೈಯ ಮೇಲಿದೆ.

ಮೂರನೇ ದಿನ ತಾತ ಕೋಲೂರಿಕೊಂಡು ಪಂಚಾಯ್ತಿ ಕಚೇರಿಗೆ ಬಂದರು. "ನಾನು ಯೋಳಿದ್ದ ಏನಂತ ಬರ್ದಿದ್ದೀಯೆ, ಓದ್ಲಾ ಮಗ" ಅಂದರು. ಆ ಇಂಗ್ಲಿಷ್ ಪುಸ್ತಕದಲ್ಲಿ ತಮ್ಮ ಹೆಸರಿಲ್ಲದ್ದಕ್ಕೆ ಬೇಸರಪಡದ ಮನುಷ್ಯ, ಈ ಪುಸ್ತಕದಲ್ಲಿ ತಮ್ಮ ಮಾತು ಇದೆಯಾ ಎಂದು ನೋಡಲು ಎಂಬತ್ತು ದಾಟಿದ ಮೇಲೆ ನಡೆದು ಬಂದಿದ್ದರು. ಸುಳ್ಳು ಹೇಳಬಹುದಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಆಗಲಿಲ್ಲ. ಇದ್ದದ್ದನ್ನೇ ಓದಿದೆ: "ಯಾರಿಂದಲೂ ಆಕ್ಷೇಪಣೆ ಬರಲಿಲ್ಲ. ಸಭೆ ಸರ್ವಾನುಮತದಿಂದ ಒಪ್ಪಿತು."

ತಾತ ನನ್ನ ಕಿವಿ ಹಿಡಿದರು.

"ರಾಣಿಗೆ ಡಾಕ್ಟ್ರು ಕುಯ್ದ" ಅಂದರು. "ನಿಂಗೆ ಯಾರ್ಲಾ ಕುಯ್ದೋರು?"

ನಾನು ಬಾಯಿ ತೆರೆದೆ. ತಾತ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಉತ್ತರಕ್ಕೆ ಕಾಯದೆ ಕಿವಿ ಬಿಟ್ಟು, ಕೋಲು ತೆಗೆದುಕೊಂಡು ಹೊರಟುಹೋದರು. ಗೋಮಾಳಕ್ಕೆ ಕಾಂಪೌಂಡ್ ಏಳುವ ಮುಂಚೆಯೇ ತೀರಿಕೊಂಡರು. ಅವರು ಉತ್ತರ ಸಿಗದೆ ಕಿವಿ ಬಿಟ್ಟದ್ದು ನನ್ನದೊಂದನ್ನೇ.