ಮುನಿಲಕ್ಷ್ಮಮ್ಮನ ಬೆಳಗಿನ ತಟ್ಟೆ

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯ ಪಕ್ಕದ ಹಳ್ಳಿಯಲ್ಲಿ ಮುನಿಲಕ್ಷ್ಮಮ್ಮನ ಮನೆ. ಬೆಳಕು ಹರಿಯುವ ಮೊದಲೇ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಬರುವಳು. ಮಗ ಅಮರ್‌ಗೆ ದಾಬಸ್‌ಪೇಟೆಯ ಫ್ಯಾಕ್ಟರಿ ಬಸ್ಸು ತಪ್ಪದಂತೆ ಡಬ್ಬಿ ಕಟ್ಟುವಳು. ಗಂಡ ಆಂಜಿನಪ್ಪನಿಗೆ ತಿಂಡಿ, ಅತ್ತೆ ನರಸಮ್ಮನಿಗೆ ತಿಂಡಿ. ಅವಳಿಗೆ? ಒಲೆಯ ಮುಂದೆ ನಿಂತೇ ಒಂದು ಲೋಟ ಸಕ್ಕರೆ ಕಾಫಿ, ಆಮೇಲೆ ಇನ್ನೊಂದು. ಎಲ್ಲರದೂ ಮುಗಿದು ಪಾತ್ರೆಯ ತಳದಲ್ಲಿ ಚಿತ್ರಾನ್ನ ಉಳಿದಿದ್ದರೆ ಹನ್ನೊಂದರ ಹೊತ್ತಿಗೆ ಅದು.

ಸಂಜೆಯಾದರೆ ಕೈ ನಡುಗುತ್ತಿತ್ತು. ನಿಪ್ಪಟ್ಟಿನ ಡಬ್ಬ ಬಿಚ್ಚಿದರೆ ತಳ ಕಾಣುವವರೆಗೂ ಬಿಡುತ್ತಿರಲಿಲ್ಲ. ರಾತ್ರಿ ಎರಡು ಮುದ್ದೆ ಉಂಡರೂ ಹೊಟ್ಟೆ ತುಂಬಿತು ಅನ್ನಿಸದು. "ಏನೂ ತಿನ್ನಲ್ಲ ಅಂತೀಯ, ಮೈ ನೋಡಿದ್ರೆ ಊದ್ಕೊಂಡೇ ಬತ್ತೈತೆ," ಎಂದು ನರಸಮ್ಮ ಆಡಿಕೊಳ್ಳುತ್ತಿದ್ದಳು.

ಒಂದು ದಿನ ಡೈರಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದು ಕೂತಳು. ಕ್ಯಾನು ಉರುಳಿ ಹಾಲೆಲ್ಲ ನೆಲದ ಪಾಲಾಯಿತು. ಅವಳ ಅಣ್ಣನ ಮಗಳು ಪದ್ಮಶ್ರೀ ಆರೋಗ್ಯ ಕೇಂದ್ರದಲ್ಲಿ ನರ್ಸು. ಅವಳೇ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿತ್ತು.

"ಬೆಳಿಗ್ಗೆ ಏನ್ ತಿಂತೀರ ಅತ್ತೆ?"

"ಕಾಫಿ ಕುಡಿತೀನಲ್ಲ."

"ಅದು ತಿನ್ನೋದಾ?" ಪದ್ಮಶ್ರೀ ಬೈದೇಬಿಟ್ಟಳು. "ಸಕ್ಕರೆ ನೀರು ಜುಮ್ ಅಂತ ಏರ್ತದೆ, ಹಂಗೇ ಇಳಿತದೆ. ಕಾಳು, ಮೊಟ್ಟೆ, ಗಟ್ಟಿ ಮೊಸರು ತಿನ್ನಿ. ನಿಧಾನಕ್ಕೆ ಅರಗ್ತದೆ, ಮಧ್ಯಾಹ್ನದ ತನಕ ಹಸಿವು ತಡೀತದೆ. ಅದನ್ನ ಅರಗಿಸೋಕೇ ಮೈ ಒಂಚೂರು ಜಾಸ್ತಿ ದುಡೀಬೇಕು, ಅದೂ ಒಳ್ಳೇದೇ. ಡಾಕ್ಟ್ರು ಹೇಳಿದ್ದೂ ಅದನ್ನೇ."

ಮನೆಯಲ್ಲಿ ಹುರುಳಿ, ಹೆಸರುಕಾಳಿಗೆ ಕೊರತೆಯಿರಲಿಲ್ಲ. ಹಿತ್ತಲಲ್ಲಿ ಕೋಳಿಗಳೂ ಇದ್ದವು. ಇಲ್ಲದ್ದು, ಗಂಡಸರಿಗಿಂತ ಮೊದಲು ತಟ್ಟೆ ಹಾಕಿಕೊಂಡು ಕೂರುವ ಧೈರ್ಯ.

ಮಾರನೆಯ ಬೆಳಿಗ್ಗೆ ಅವಳು ಎರಡು ಮೊಟ್ಟೆ ಬೇಯಿಸಿ, ಹಿಂದಿನ ರಾತ್ರಿಯೇ ನೆನೆಸಿದ್ದ ಹೆಸರುಕಾಳಿನ ಉಸಲಿ ಹಾಕಿಕೊಂಡು, ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಲಕ್ಷ್ಮೀ, ಕಾಫಿ!" ಎಂದ ಆಂಜಿನಪ್ಪ ಜಗಲಿಯಿಂದ.

"ಇರಿ, ತಿಂತಾ ಇದೀನಿ."

ನರಸಮ್ಮ ಬಾಗಿಲಿಗೆ ಬಂದು ನಿಂತಳು. "ಗಂಡಸ್ರ ತಟ್ಟೆ ಎತ್ತೋಕ್ಮುಂಚೆ ನಾನ್ಯಾವತ್ತೂ ಬಾಯಿಗೊಂದ್ ಅಗಳು ಹಾಕ್ದೋಳಲ್ಲ."

"ನಾನೂ ಹಾಕಿರ್ಲಿಲ್ಲ ಅತ್ತೆಮ್ಮ. ಅದಕ್ಕೇ ಡೈರಿ ಮುಂದೆ ಬಿದ್ನಲ್ಲ," ಎಂದು ಮುನಿಲಕ್ಷ್ಮಮ್ಮ ಇನ್ನೊಂದು ತುತ್ತು ಬಾಯಿಗಿಟ್ಟಳು. ಆಂಜಿನಪ್ಪ ಗೊಣಗುತ್ತಾ ಬಂದು ತಾನೇ ಹಾಲು ಕಾಯಿಸಿದ. ಅರ್ಧ ಉಕ್ಕಿ ಚೆಲ್ಲಿತು. ಅವಳು ಏಳಲಿಲ್ಲ.

ಸೋಮವಾರ, ಶನಿವಾರ ಮೊಟ್ಟೆಯ ಬದಲು ಹುರುಳಿ. ಮಿಕ್ಕ ದಿನ ಯಾವುದು ಕೈಗೆ ಸಿಕ್ಕರೆ ಅದು. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೂ ಬಿಟ್ಟಳು. ಸ್ವಲ್ಪ ಕಾಲ ಕಳೆದ ಮೇಲೆ ಅವಳಿಗೇ ಸೋಜಿಗ. ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುವುದು ನಿಂತಿತ್ತು. ಸಂಜೆ ಡಬ್ಬದ ನೆನಪೇ ಬರುತ್ತಿರಲಿಲ್ಲ. ರಾತ್ರಿ ಒಂದು ಮುದ್ದೆ ಉಂಡು "ಸಾಕು" ಎಂದಾಗ ಅಮರ್ ಅವಳ ಮುಖವನ್ನೇ ನೋಡಿದ.

ಆಮೇಲೊಂದು ಬೆಳಿಗ್ಗೆ ನರಸಮ್ಮ ಗೋಡೆ ಹಿಡಿದು ಬಂದು ಸೊಸೆಯ ಪಕ್ಕದಲ್ಲೇ ಕೂತಳು. ತಟ್ಟೆಯನ್ನೂ ತಂದಿದ್ದಳು.

"ನಂಗೂ ಬಿಸೀದು ಹಾಕು. ಗಂಡ ಇರೋಗಂಟ ಬಿಸೀದು ಹೆಂಗಿರ್ತೈತೆ ಅಂತ ನೋಡ್ಲೇ ಇಲ್ಲ."

ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಡಿಸಿದಳು. ಮುದುಕಿ ಕಾಳನ್ನು ನಿಧಾನವಾಗಿ ಅಗಿದು, ಇನ್ನೊಂದು ಸೌಟು ಕೇಳಿದಳು.

ಮತ್ತೆ ಪರೀಕ್ಷೆಗೆ ಹೋದ ದಿನ ಮುನಿಲಕ್ಷ್ಮಮ್ಮ ಬಸ್ಸಿಗೆ ಕಾಯದೆ ನಡೆದೇ ಹೋದಳು. ಚೀಟಿ ನೋಡಿ ಪದ್ಮಶ್ರೀ ಕುರ್ಚಿಯಿಂದ ಎದ್ದುಬಿಟ್ಟಳು. "ಸಕ್ಕರೆ ಸರಿಹೋಗೈತೆ ಅತ್ತೆ! ತೂಕಾನೂ ಇಳಿದೈತೆ. ಬರೀ ಮೊಟ್ಟೆ ಕಾಳಿನಿಂದ ಅಲ್ಲ, ಕಾಫಿ ಸಕ್ಕರೆ ಬಿಟ್ರಿ, ಹೊತ್ತಿಗೆ ಸರಿಯಾಗಿ ಕೂತು ತಿಂದ್ರಿ. ಗೆದ್ಬಿಟ್ರಿ!"

ಸರದಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಮುನಿಲಕ್ಷ್ಮಮ್ಮ ಚೀಟಿಯನ್ನು ಮೇಲೆತ್ತಿ ಹಿಡಿದು, ಇಡೀ ಆಸ್ಪತ್ರೆಗೆ ಕೇಳುವಂತೆ ನಕ್ಕಳು.

"ಏನ್ ಮಾಡಿದ್ರಕ್ಕಾ?" ಎಂದು ಒಬ್ಬಳು ಕೇಳಿದಳು.

"ಜರುಗಮ್ಮ, ಹೇಳ್ತೀನಿ," ಎನ್ನುತ್ತಾ ಅವಳು ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತಳು.