ಉಪ್ಪಿನ ಬಿಲ್ಲೆಗಳು

ಮೊನ್ನೆ ಅವ್ವನಿಗೆ ಸೂಜಿ ಹಾಕಲು ಬಂದ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕೋಡಿಯ ನಮ್ಮ ಹಳೆಯ ಮನೆಯ ಮುಂದಿನ ಖೋಲಿ ಕಣ್ಣಮುಂದೆ ಬಂತು. ಅಲ್ಲಿ ಬಾಡಿಗೆಗಿದ್ದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಸರ್ ಕೂಡ...

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಓದುತ್ತಿದ್ದೆ. ಸರ್ ಅಥಣಿ ಕಡೆಯವರು, ಒಬ್ಬಂಟಿ. ಪಾಠದ ನಡುವೆಯೇ ಧಾರವಾಡಕ್ಕೆ ಓಡಾಡುತ್ತ ಪಿಎಚ್.ಡಿ. ಮಾಡುತ್ತಿದ್ದರು. ದ್ರವದೊಳಗೆ ಅಣುಗಳು ಒಂದನ್ನೊಂದು ಹೇಗೆ ಹಿಡಿಯುತ್ತವೆ, ಹೇಗೆ ಬಿಡುತ್ತವೆ ಎಂಬುದೇ ಅವರ ಧ್ಯಾನ. ಅಲ್ಲಿಯ ಕಂಪ್ಯೂಟರಿನಲ್ಲಿ ಅಣುಗಳ ಓಡಾಟವನ್ನು ಲೆಕ್ಕದಲ್ಲೇ ನಡೆಸಿ, ಮಾರುದ್ದದ ಕಾಗದದ ಮೇಲೆ ಅಂಕಿಗಳನ್ನು ಅಚ್ಚು ಹಾಕಿಸಿ ತರುತ್ತಿದ್ದರು. ಲೆಕ್ಕವನ್ನಷ್ಟೇ ನಂಬಿ ಕೂರುವವರಲ್ಲ. ಅದೇ ದ್ರವದೊಳಗೆ ಅವಕೆಂಪು ಬೆಳಕು ಹಾಯಿಸಿ, ಸಿಗುವ ರೋಹಿತವನ್ನು ಲೆಕ್ಕದ ಪಕ್ಕ ಇಟ್ಟು ನೋಡಬೇಕು.

"ನಾ ಮಾಡಿದ ಲೆಕ್ಕಾ ಬೆಳಕು ಒಪ್ಪಬೇಕು ತಂಗಿ, ಇಲ್ಲಂದ್ರ ಅದು ಬರೇ ಕತಿ," ಎನ್ನುತ್ತಿದ್ದರು.

ಗಾಜು ಆ ಬೆಳಕನ್ನು ತಾನೇ ನುಂಗಿಬಿಡುತ್ತದಂತೆ. ಅದಕ್ಕೇ ದ್ರವವನ್ನು ನಡುವೆ ಹಿಡಿದಿಡಲು ಉಪ್ಪಿನ ಹರಳಿನಿಂದ ಕೊರೆದ ಎರಡು ಬಿಲ್ಲೆಗಳು. ನೋಡಲು ಥೇಟ್ ಗಾಜು. ಬೆರಳಿನ ಬೆವರು ತಾಗಿದರೂ ಮಬ್ಬಾಗುತ್ತಿದ್ದವು. ಸರ್ ಅವನ್ನು ಸ್ಪಿರಿಟ್ ಹನಿಸಿದ ಅರಿವೆಯ ಮೇಲೆ ಗಂಟೆಗಟ್ಟಲೆ ತಿಕ್ಕಿ ನಯ ಮಾಡುತ್ತಿದ್ದರು. ನಮ್ಮದು ಜೈನರ ಮನೆ. ಹೆಂಡದಂಥ ಆ ವಾಸನೆಗೆ ಅವ್ವ ಮೊದಮೊದಲು ಹುಬ್ಬು ಗಂಟಿಕ್ಕಿದಳು. ಬರಬರುತ್ತ, ಹೊತ್ತು ಮುಳುಗುವ ಮೊದಲಿನ ನಮ್ಮ ಊಟಕ್ಕೆ ಅವರಿಗೂ ತಾಟು ಹಾಕುವಷ್ಟು ಹಚ್ಚಿಕೊಂಡಳು.

ಅದೊಂದು ಮಳೆಗಾಲ. ಮರುದಿನ ಧಾರವಾಡದ ಯಂತ್ರದ ಮೇಲೆ ಸರ್ ಅವರ ಸರದಿ. ಅವರ ಪಿಎಚ್.ಡಿ. ನೋಂದಣಿಯ ಅವಧಿ ಆ ತಿಂಗಳಿಗೇ ಮುಗಿಯುವುದಿತ್ತು. ಉಳಿದದ್ದೆಲ್ಲ ಬರೆದಾಗಿತ್ತು, ಇದೊಂದು ಅಳತೆ ಬಾಕಿ. ಅಲ್ಲಿಯ ಬಿಲ್ಲೆಗಳೆಲ್ಲ ತೇವಕ್ಕೆ ಹಾಳಾಗಿ ಇವೆರಡೇ ಉಳಿದಿದ್ದವು. ಸಂಜೆ ನಾವಿಬ್ಬರೂ ಕಾಲೇಜಿನಿಂದ ಬಂದಾಗ ಅವ್ವ ಅವರ ಖೋಲಿಯ ಕಸ ಗುಡಿಸಿ ಹೊರಬರುತ್ತಿದ್ದಳು.

"ಸರ್ರ, ನಿಮ್ಮ ಗಾಜಿನ ಬಿಲ್ಲಿ ಭಾಳ ಮಬ್ಬ ಆಗಿದ್ವು ನೋಡ್ರಿ. ಬಿಸಿನೀರಾಗ ತೊಳದ ಇಟ್ಟೀನಿ. ಇನ್ನೂ ಸ್ವಚ್ಛ ಆಗಿಲ್ಲ, ನಾಳಿ ಮತ್ತ ತಿಕ್ಕತೀನಿ."

ಸರ್ ಅವನ್ನು ಬೆಳಕಿಗೆ ಹಿಡಿದರು. ಮೈಯೆಲ್ಲ ಕರಗಿ ತಗ್ಗುದಿನ್ನೆ.

"ಛಲೋ ಮಾಡಿದ್ರಿ ಬಿಡ್ರಿ ಅವ್ವಾರ," ಎಂದರು ಸರ್. ಅವ್ವ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಅವರಿಗೆ ಹೇಳಬ್ಯಾಡ. ನನ್ನ ಮ್ಯಾಲ ಆಣಿ ಐತಿ. ಜೀವಾ ತಿಂದ್ಕೋತಾರ."

ಮತ್ತೆ ನಯ ಮಾಡಲು ಕೂತರು. ತಿಕ್ಕುವಾಗ ಒಂದು ಬಿಲ್ಲೆ ಬಿರಿಯಿತು. ಸರದಿ ತಪ್ಪಿತು, ಅವಧಿಯೂ ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡುವ ಉಮೇದು ಅವರಲ್ಲಿ ಉಳಿಯಲಿಲ್ಲ...

ಇದೆಲ್ಲ ಗೊತ್ತಿಲ್ಲದ ಅವ್ವ ಊಟಕ್ಕೆ ಕೂತಾಗ ಅವರ ಕಾಲೆಳೆಯುತ್ತಿದ್ದಳು. "ಏನ್ ಸರ್ರ, ಡಾಕ್ಟರ್ ಆಗೂದು ಯಾವಾಗ್ರಿ? ಬರೇ ಕಾಗದ ಗುಡ್ಡಿ ಹಾಕೀರಿ!"

"ಮೈಗಳ್ಳತನಾರಿ ಅವ್ವಾರ," ಎಂದು ಸರ್ ನಗುತ್ತಿದ್ದರು. ನಾನು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಸಿಟ್ಟು ಬರುತ್ತಿತ್ತು, ಅವ್ವನ ಮೇಲೋ ಸರ್ ಮೇಲೋ ತಿಳಿಯುತ್ತಿರಲಿಲ್ಲ. ಮುಂದೆ ಅವರು ರಾಯಬಾಗದ ಕಾಲೇಜಿಗೆ ಹೋದರು. ಪಿಎಚ್.ಡಿ. ಇಲ್ಲವೆಂದು ಬಡ್ತಿ ಸಿಗದೆ ಹಾಗೆಯೇ ನಿವೃತ್ತರಾದರಂತೆ.

ಹೋದ ವರ್ಷ ಸರ್ ತೀರಿಕೊಂಡರು. ಆಣೆ ಹಾಕಿದವರೇ ಇಲ್ಲದ ಮೇಲೆ ಹೇಳಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಅವರ ಹೆಸರಿಗೆ ಅಂಟಿದ ಸುಳ್ಳನ್ನು ಒರೆಸುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಮೊನ್ನೆ ನರ್ಸ್ ಹೋದ ಮೇಲೆ ಅವ್ವನೆದುರು ಅವರ ಮಾತು ತೆಗೆದೆ. ಎಂಬತ್ತು ದಾಟಿದ ಅವ್ವನ ಕಣ್ಣು ಒದ್ದೆಯಾದವು.

"ದೇವರಂಥಾ ಮನಶ್ಯಾ," ಎಂದಳು. "ಆದ್ರ ಕೈಯಾಗ ಹಿಡದ ಕೆಲಸಾ ಮುಗಸೂ ಬುದ್ಧಿ ಒಂದ ಇರಲಿಲ್ಲ ನೋಡು."

"ಹೌದವ್ವಾ," ಎಂದೆ.